ಉಚ್ಚಂಗಿಯ ಬಿಸಿಲು ಮತ್ತು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು

ಏಪ್ರಿಲ್ ಬಂತೆಂದರೆ ಉಚ್ಚಂಗಿದುರ್ಗದ ಬಂಡೆ ಬೆಳಿಗ್ಗೆ ಹತ್ತಕ್ಕೇ ಕಾದುಬಿಡುತ್ತದೆ. ಉಚ್ಚಂಗೆಮ್ಮನ ದರ್ಶನಕ್ಕೆ ಬರಿಗಾಲಲ್ಲಿ ಮೆಟ್ಟಿಲೇರುವವರು ನೆರಳಿರುವ ಅಂಚು ಹುಡುಕಿ ಹೆಜ್ಜೆ ಇಡುತ್ತಾರೆ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷಗಳು ಬೇಕಾದಷ್ಟಿವೆ, ಬಿಸಿಲು ಕೈಕೊಟ್ಟ ವರ್ಷ ಒಂದೂ ಇಲ್ಲ. ಆ ಬಿಸಿಲನ್ನೇ ನಂಬಿ ಈಗ ಬೋರ್‌ವೆಲ್ ಪಕ್ಕದಲ್ಲಿ, ಮನೆಯ ಮಾಳಿಗೆಯ ಮೇಲೆ ಸೋಲಾರ್ ಪ್ಲೇಟುಗಳು ಬಂದು ಕೂತಿವೆ. ಅವುಗಳ ಬೆನ್ನಿಗೇ ಒಂದು ಪ್ರಶ್ನೆಯೂ ಬಂದಿದೆ. "540 ವ್ಯಾಟ್ ಅಂತ ಬರ್ದಾರ, ಬಿಸ್ಲು ನೋಡಿದ್ರ ನೆತ್ತಿ ಸುಡತೈತಿ, ಮತ್ತ ಮೀಟ್ರು ಯಾಕ್ರೀ ಅಷ್ಟು ತೋರಸವಲ್ದು?"

ಇದು ಬಹಳ ಒಳ್ಳೆಯ ಪ್ರಶ್ನೆ. ಮಾರಾಟಗಾರರು ಸಾಮಾನ್ಯವಾಗಿ "ಧೂಳು ಕೂತಿರಬೇಕು, ಒರೆಸಿ ನೋಡಿ" ಎಂದು ಹೇಳಿ ಕಳಿಸುತ್ತಾರೆ. ಧೂಳು ಒಂದು ಕಾರಣ ನಿಜ. ಆದರೆ ಮುಖ್ಯ ಕಾರಣ ತಿಳಿಯಬೇಕಾದರೆ ಗಾಜಿನ ಕೆಳಗಿರುವ ಸಿಲಿಕಾನ್ ಹರಳಿನ ಒಳಕ್ಕೆ, ಅದೂ ಬೆಳಕು ಬಿದ್ದ ಮೊದಲ ಕ್ಷಣಕ್ಕೆ ಹೋಗಬೇಕು. ಆ ಕ್ಷಣ ಎಷ್ಟು ಸಣ್ಣದೆಂದರೆ, ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು. ವಿಜ್ಞಾನಿಗಳು ಅದನ್ನು ಪಿಕೊಸೆಕೆಂಡ್ ಎನ್ನುತ್ತಾರೆ. ನಮ್ಮ ಸೀಮೆಯ ಮೇಲೆ ಬೀಳುವ ಬಿಸಿಲಿನಲ್ಲಿ ದೊಡ್ಡ ಪಾಲು ಕರೆಂಟಾಗದೆ ಶಾಖವಾಗಿ ಹೋಗುವುದು ಆ ಒಂದು ಪಿಕೊಸೆಕೆಂಡಿನ ಒಳಗೇ ತೀರ್ಮಾನವಾಗಿಬಿಡುತ್ತದೆ.

ಮೊದಲು ಕಣ್ಣಿಗೆ ಕಾಣುವ ಲೆಕ್ಕ ನೋಡೋಣ. ಪ್ಯಾನೆಲನ್ನು ತಿರುಗಿಸಿದರೆ ಬೆನ್ನಿಗೆ ಅಂಟಿಸಿದ ಒಂದು ಚೀಟಿ ಸಿಗುತ್ತದೆ. ಈಗ ಮಾರುಕಟ್ಟೆಯಲ್ಲಿರುವ 540 ವ್ಯಾಟಿನ ಪ್ಯಾನೆಲ್ ಆದರೆ ಹೊರೆ ಇಲ್ಲದಿರುವಾಗಿನ ಗರಿಷ್ಠ ವೋಲ್ಟೇಜ್ ಸುಮಾರು 49, ಕರೆಂಟ್ ಸುಮಾರು 13 ಆಂಪಿಯರ್ ಎಂದು ಬರೆದಿರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಚದರ ಮೀಟರಿಗೆ 1,000 ವ್ಯಾಟ್ ಬೆಳಕು, 25 ಡಿಗ್ರಿ ಸೆಲ್ಸಿಯಸ್. ಈ 25 ಡಿಗ್ರಿ ಗಾಳಿಯ ಬಿಸಿಯಲ್ಲ, ಪ್ಯಾನೆಲಿನ ಒಳಗಿನ ಸಿಲಿಕಾನ್ ಬಿಲ್ಲೆಯ ಬಿಸಿ. ಕಾರ್ಖಾನೆಯಲ್ಲಿ ಕ್ಷಣಕಾಲ ಬೆಳಕು ಮಿಂಚಿಸಿ ಪರೀಕ್ಷೆ ಮಾಡುತ್ತಾರೆ. ಅಷ್ಟರಲ್ಲಿ ಬಿಲ್ಲೆ ಕಾಯುವುದಿಲ್ಲ. ಕೊಟ್ಟೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಗಾಳಿಯೇ 40 ಡಿಗ್ರಿಯ ಆಸುಪಾಸಿನಲ್ಲಿರುವಾಗ ಬಿಲ್ಲೆ 65 ಡಿಗ್ರಿಗೆ ಏರುವುದು ಮಾಮೂಲು. ಪ್ಯಾನೆಲಿನ ಜತೆ ಕೊಡುವ ಮಾಹಿತಿ ಹಾಳೆಯಲ್ಲಿ ಉಷ್ಣತೆಯ ಗುಣಾಂಕ ಎಂಬುದೊಂದು ಅಂಕಿ ಇರುತ್ತದೆ. 25ರ ಮೇಲೆ ಒಂದೊಂದು ಡಿಗ್ರಿ ಏರಿದಾಗಲೂ ಉತ್ಪಾದನೆ ಶೇ 0.3ರಿಂದ 0.4ರಷ್ಟು ಇಳಿಯುತ್ತದೆ ಎಂದು ಅದರ ಅರ್ಥ. ಶೇ 0.35 ಎಂದು ಹಿಡಿದರೆ 40 ಡಿಗ್ರಿ ಏರಿಕೆಗೆ ಶೇ 14 ಖೋತಾ. 540 ವ್ಯಾಟಿನ ಪ್ಯಾನೆಲ್ 465ಕ್ಕೆ ಇಳಿಯಿತು. ಪ್ಯಾನೆಲ್ ಕೆಟ್ಟಿಲ್ಲ, ಬಿಸಿಲೂ ಕಡಿಮೆಯಾಗಿಲ್ಲ. ಪ್ಯಾನೆಲಿಗೆ ಬೇಕಾದದ್ದು ಸೂರ್ಯನ ಬೆಳಕು, ಸೂರ್ಯನ ಸುಡುವಿಕೆ ಅದಕ್ಕೆ ಶತ್ರು.

ಹಾಗಾದರೆ ಪ್ಯಾನೆಲನ್ನು ಹೀಗೆ ಕಾಯಿಸುವುದು ಯಾವುದು? ಸುತ್ತಲಿನ ಗಾಳಿ ಅಷ್ಟು ಮಾಡುವುದಿಲ್ಲ, ಗಾಳಿಗಿಂತ 25 ಡಿಗ್ರಿ ಹೆಚ್ಚು ಬಿಸಿಯಾಗಿ ಅದು ಕೂತಿರುತ್ತದಲ್ಲ. ಅದನ್ನು ಕಾಯಿಸುವುದು ಅದು ತಾನೇ ನುಂಗಿದ ಬೆಳಕು. ಚದರ ಮೀಟರಿಗೆ ಬೀಳುವ 1,000 ವ್ಯಾಟಿನಲ್ಲಿ 200ಕ್ಕೆ ಸ್ವಲ್ಪ ಮಿಕ್ಕಿ ತಂತಿಯಲ್ಲಿ ಹರಿದು ಹೋಗುತ್ತದೆ. ಒಂದಿಷ್ಟು ಗಾಜಿಗೆ ಬಡಿದು ವಾಪಸಾಗುತ್ತದೆ. ಉಳಿದದ್ದೆಲ್ಲ ಪ್ಯಾನೆಲಿನಲ್ಲಿಯೇ ಶಾಖವಾಗುತ್ತದೆ.

ಸಿಲಿಕಾನ್ ಒಂದು ಅರೆವಾಹಕ. ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳು ಸದಾ ಓಡಾಡಿಕೊಂಡಿರುತ್ತವೆ, ಗಾಜಿನಲ್ಲಿ ಕಟ್ಟಿಹಾಕಿದಂತಿರುತ್ತವೆ. ಸಿಲಿಕಾನಿನಲ್ಲೂ ಕಟ್ಟಿಹಾಕಿದಂತೆಯೇ ಇರುತ್ತವೆ, ಆದರೆ ಬಿಡಿಸಲು ಹೆಚ್ಚು ಶಕ್ತಿ ಬೇಕಿಲ್ಲ. 1.12 ಎಲೆಕ್ಟ್ರಾನ್‌ವೋಲ್ಟ್ ಕೊಟ್ಟರೆ ಸಾಕು, ಪರಮಾಣುಗಳ ನಡುವಿನ ಬಂಧದಿಂದ ಬಿಡಿಸಿಕೊಂಡು ಹರಳಿನುದ್ದಕ್ಕೂ ತಿರುಗಾಡಲು ಹೊರಡುತ್ತವೆ. ಈ ಅಂತರಕ್ಕೆ ಬ್ಯಾಂಡ್ ಗ್ಯಾಪ್ ಎಂದು ಹೆಸರು. ಎಲೆಕ್ಟ್ರಾನ್ ಎದ್ದು ಹೋದ ಜಾಗದಲ್ಲಿ ಒಂದು ಖಾಲಿ ಉಳಿಯುತ್ತದೆ. ಅದನ್ನು ಹೋಲ್ ಎನ್ನುತ್ತಾರೆ, ಅದೂ ಧನ ವಿದ್ಯುದಂಶ ಹೊತ್ತಂತೆ ಚಲಿಸುತ್ತದೆ. ಬೆಳಕು ಬರುವುದು ಫೋಟಾನುಗಳೆಂಬ ಕಂತುಗಳಲ್ಲಿ. ಒಂದು ಫೋಟಾನ್ ಒಂದು ಎಲೆಕ್ಟ್ರಾನನ್ನು ಎಬ್ಬಿಸುತ್ತದೆ. ಹಸಿರು ಬೆಳಕಿನ ಫೋಟಾನಿನಲ್ಲಿ ಸುಮಾರು 2.4 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಇರುತ್ತದೆ, ನೇರಳೆಯಲ್ಲಿ 3ರ ಹತ್ತಿರ. ಅಂದರೆ ಬೇಕಾದ್ದಕ್ಕಿಂತ ಎರಡು ಪಟ್ಟು, ಎರಡೂವರೆ ಪಟ್ಟು.

ಉಚ್ಚಂಗಿದುರ್ಗದ ಬೆಟ್ಟವನ್ನೇ ಕಣ್ಣಮುಂದೆ ತಂದುಕೊಳ್ಳಿ. ಕೆಳಗೆ ಊರು, ಮೇಲೆ ಕೋಟೆಯೊಳಗಿನ ಬಯಲು. ಊರಿಂದ ಬಯಲಿಗೆ ಇರುವ ಎತ್ತರವೇ ಬ್ಯಾಂಡ್ ಗ್ಯಾಪ್. ಹಸಿರು ಫೋಟಾನ್ ಎಲೆಕ್ಟ್ರಾನನ್ನು ಬಯಲಿಗೆ ಬಿಟ್ಟು ಸುಮ್ಮನಾಗುವುದಿಲ್ಲ, ಅದಕ್ಕೂ ಅಷ್ಟೇ ಎತ್ತರದ ಇನ್ನೊಂದು ತುದಿಗೆ ಎಸೆಯುತ್ತದೆ. ಅಲ್ಲಿ ನಿಲ್ಲಲು ನೆಲೆ ಇಲ್ಲ. ಎಲೆಕ್ಟ್ರಾನ್ ಬಂಡೆಯಿಂದ ಬಂಡೆಗೆ ಜಾರುತ್ತಾ, ಪ್ರತಿ ಜಾರಿಕೆಯಲ್ಲೂ ಬಂಡೆಯನ್ನು ಅಲುಗಿಸುತ್ತಾ ಬಯಲಿಗೆ ಇಳಿಯುತ್ತದೆ. ಬಯಲಿಗೆ ಬಂದ ಮೇಲೆ ತುಸು ನೆಮ್ಮದಿ, ಅಲ್ಲಿ ಬಹಳ ಹೊತ್ತು ಓಡಾಡಬಹುದು. ನಾವು ತಂತಿಯಲ್ಲಿ ಹಿಡಿಯುವುದು ಆ ಬಯಲಿನಲ್ಲಿರುವ ಎಲೆಕ್ಟ್ರಾನನ್ನು ಮಾತ್ರ. ಮೇಲಿನ ತುದಿಯಿಂದ ಬಯಲಿಗೆ ಇಳಿಯುವಾಗ ಕಳೆದ ಶಕ್ತಿಯೆಲ್ಲ ಹರಳಿನ ನಡುಕವಾಯಿತು. ಹರಳಿನ ನಡುಕವೆಂದರೆ ಶಾಖವೇ.

ಆ ಜಾರಿಕೆಗೆ ಹಿಡಿಯುವ ಹೊತ್ತಿನ ಕತೆ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ರುಚಿಯಾದದ್ದು. ಸಿಲಿಕಾನ್ ಹರಳಿನ ಪರಮಾಣುಗಳು ತಮ್ಮ ಜಾಗದಲ್ಲೇ ಕಂಪಿಸುತ್ತಿರುತ್ತವೆ. ಅವುಗಳ ಅತಿ ಬಿರುಸಿನ ಕಂಪನ ಸೆಕೆಂಡಿಗೆ 15.6 ಲಕ್ಷ ಕೋಟಿ ಸಲ. ಒಂದು ಕಂಪನಕ್ಕೆ 64 ಫೆಮ್ಟೊಸೆಕೆಂಡ್. ಫೆಮ್ಟೊಸೆಕೆಂಡ್ ಎಂದರೆ ಪಿಕೊಸೆಕೆಂಡಿನ ಸಾವಿರದಲ್ಲೊಂದು ಪಾಲು. ಒಂದು ಸೆಕೆಂಡಿನ ಮುಂದೆ ಒಂದು ಫೆಮ್ಟೊಸೆಕೆಂಡ್ ಎಷ್ಟು ಸಣ್ಣದೋ, ಮೂರು ಕೋಟಿ ವರ್ಷಗಳ ಮುಂದೆ ಒಂದು ಸೆಕೆಂಡ್ ಹೆಚ್ಚುಕಡಿಮೆ ಅಷ್ಟೇ ಸಣ್ಣದು. ಸೆಕೆಂಡಿಗೆ ಮೂರು ಲಕ್ಷ ಕಿಲೊಮೀಟರ್ ಓಡುವ ಬೆಳಕು ಕೂಡ ಒಂದು ಫೆಮ್ಟೊಸೆಕೆಂಡಿನಲ್ಲಿ 0.3 ಮೈಕ್ರೊಮೀಟರ್ ಮಾತ್ರ ಸಾಗುತ್ತದೆ. ತಲೆಗೂದಲಿನ ದಪ್ಪ ದಾಟಲು ಅದಕ್ಕೆ ಇನ್ನೂರಕ್ಕೂ ಹೆಚ್ಚು ಫೆಮ್ಟೊಸೆಕೆಂಡ್ ಬೇಕು.

ಹರಳಿನ ಕಂಪನವೂ ಬೆಳಕಿನಂತೆ ಕಂತುಗಳಲ್ಲೇ ಶಕ್ತಿ ತೆಗೆದುಕೊಳ್ಳುತ್ತದೆ. ಈ ಕಂತಿಗೆ ಫೋನಾನ್ ಎಂದು ಹೆಸರು. ಸಿಲಿಕಾನಿನ ಆ ಬಿರುಸಿನ ಕಂಪನದ ಒಂದು ಕಂತಿನಲ್ಲಿ 0.064 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ. ಹಸಿರು ಫೋಟಾನ್ ಕೊಟ್ಟ ಹೆಚ್ಚುವರಿ ಶಕ್ತಿ ಸುಮಾರು 1.28. ಭಾಗಿಸಿ ನೋಡಿದರೆ ಒಂದು ಎಲೆಕ್ಟ್ರಾನ್ ಮತ್ತು ಅದರ ಜೋಡಿ ಹೋಲ್ ಸೇರಿ ಹೆಚ್ಚುಕಡಿಮೆ ಇಪ್ಪತ್ತು ಕಂತು ಕಟ್ಟಿ ಬಡವಾಗುತ್ತವೆ. ಕಟ್ಟುವುದಾದರೂ ಎಷ್ಟು ಅವಸರ! ಒಂದು ಪಿಕೊಸೆಕೆಂಡ್ ತುಂಬುವ ಹೊತ್ತಿಗೆ ವ್ಯವಹಾರ ಬಹುತೇಕ ಮುಗಿದಿರುತ್ತದೆ. ಎಸೆತಕ್ಕೆ ಸಿಕ್ಕ ಆ ಎಲೆಕ್ಟ್ರಾನಿನ ಶಕ್ತಿಯನ್ನು ಉಷ್ಣತೆಯ ಅಳತೆಯಲ್ಲಿ ಹೇಳಿದರೆ ಸಾವಿರಾರು ಡಿಗ್ರಿ. ನಮ್ಮ ಮಾಳಿಗೆಯ ಮೇಲಿನ ಪ್ಯಾನೆಲಿನಲ್ಲಿ ಹಗಲಿಡೀ ಇಂಥ ಸಾವಿರಾರು ಡಿಗ್ರಿಯ ಎಲೆಕ್ಟ್ರಾನುಗಳು ಹುಟ್ಟುತ್ತಿವೆ, ಪಿಕೊಸೆಕೆಂಡಿನಲ್ಲಿ ತಣಿಯುತ್ತಿವೆ. ಸಿಲಿಕಾನ್ ಹರಳು ಮಾತ್ರ 65 ಡಿಗ್ರಿಯಲ್ಲಿ ಕೂತಿರುತ್ತದೆ.

ತಣಿದ ಮೇಲಿನ ಬದುಕು ಇದಕ್ಕೆ ತೀರಾ ಬೇರೆ. ಬಯಲಿಗೆ ಇಳಿದ ಎಲೆಕ್ಟ್ರಾನ್ ಒಳ್ಳೆಯ ಸಿಲಿಕಾನಿನಲ್ಲಿ ಹತ್ತಾರು ಮೈಕ್ರೊಸೆಕೆಂಡಿನಿಂದ ಮಿಲಿಸೆಕೆಂಡಿನವರೆಗೆ ಉಳಿಯಬಲ್ಲದು. ಆಮೇಲೆ ಯಾವುದಾದರೂ ಹೋಲ್‌ಗೆ ಸಿಕ್ಕಿ ಲಯವಾಗುತ್ತದೆ. ಜಾರಿದ ಹೊತ್ತಿಗೆ ಹೋಲಿಸಿದರೆ ಈ ಆಯಸ್ಸು ಕೋಟಿ ಪಟ್ಟಿಗೂ ಹೆಚ್ಚು. ಇಷ್ಟು ದೀರ್ಘ ಆಯಸ್ಸಿಗೆ ಕಾರಣ ಸಿಲಿಕಾನಿನದೇ ಒಂದು ವಕ್ರ ಗುಣ. ಅದರಲ್ಲಿ ಎಲೆಕ್ಟ್ರಾನ್ ನೇರವಾಗಿ ಬೆಳಕು ಬಿಟ್ಟು ಕೆಳಗಿಳಿಯಲಾರದು, ನಡುವೆ ಒಂದು ಫೋನಾನಿನ ನೆರವು ಬೇಕು. ಅದಕ್ಕೇ ಸಿಲಿಕಾನಿನಿಂದ ಒಳ್ಳೆಯ ಎಲ್‌ಇಡಿ ಬಲ್ಬು ಮಾಡಲಾಗುವುದಿಲ್ಲ. ಸೋಲಾರಿಗೆ ಮಾತ್ರ ಆ ದೋಷವೇ ವರವಾಗಿದೆ. ಬಿಲ್ಲೆಯ ದಪ್ಪ 150 ಮೈಕ್ರೊಮೀಟರಿನ ಆಸುಪಾಸು. ಎಲೆಕ್ಟ್ರಾನ್ ತನ್ನ ಆಯಸ್ಸಿನಲ್ಲಿ ಅದನ್ನು ಆರಾಮವಾಗಿ ದಾಟಿ ಲೋಹದ ಗೆರೆ ಮುಟ್ಟುತ್ತದೆ. ಮುಂದೆ ಪಂಪು ತಿರುಗುತ್ತದೆ.

ಪ್ಯಾನೆಲ್ ಕಾದರೆ ಉತ್ಪಾದನೆ ಯಾಕೆ ಇಳಿಯುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಹರಳು ಬಿಸಿಯಾದಂತೆ ಬೆಳಕಿನ ಹಂಗಿಲ್ಲದೆ, ಬರೀ ಶಾಖದಿಂದಲೇ ಎಲೆಕ್ಟ್ರಾನುಗಳು ಮೇಲೇಳುತ್ತವೆ. ಇದರಿಂದ ಹೋಲ್ ಮತ್ತು ಎಲೆಕ್ಟ್ರಾನ್ ಕೂಡಿ ಲಯವಾಗುವುದೂ ಹೆಚ್ಚುತ್ತದೆ. ಫಲವಾಗಿ ವೋಲ್ಟೇಜ್ ಬೀಳುತ್ತದೆ. ಒಂದು ಬಿಲ್ಲೆಗೆ ಪ್ರತಿ ಡಿಗ್ರಿಗೂ ಸುಮಾರು 2 ಮಿಲಿವೋಲ್ಟ್. 72 ಬಿಲ್ಲೆ ಸಾಲಾಗಿ ಜೋಡಿಸಿದ ಪ್ಯಾನೆಲಿನಲ್ಲಿ 40 ಡಿಗ್ರಿ ಏರಿದರೆ 5 ವೋಲ್ಟಿಗೂ ಮಿಕ್ಕಿ. ಅಂದರೆ ಮೊದಲ ಪಿಕೊಸೆಕೆಂಡಿನಲ್ಲಿ ಕಳೆದುಹೋದ ಶಕ್ತಿ ಬರೀ ಕಳೆದುಹೋಗುವುದಿಲ್ಲ, ಶಾಖವಾಗಿ ಅಲ್ಲೇ ಉಳಿದು ಉಳಿದವರಿಗೂ ಕಾಟ ಕೊಡುತ್ತದೆ. ಎರಡು ಸಲದ ನಷ್ಟ ಇದು.

1954ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಚಾಪಿನ್, ಫುಲರ್, ಪಿಯರ್ಸನ್ ಬಳಕೆಗೆ ಯೋಗ್ಯವಾದ ಮೊದಲ ಸಿಲಿಕಾನ್ ಸೌರಕೋಶ ತೋರಿಸಿದಾಗ ಅದರ ದಕ್ಷತೆ ಶೇ 6. ಎಷ್ಟರವರೆಗೆ ಏರಿಸಬಹುದು ಎಂಬ ಲೆಕ್ಕವನ್ನು 1961ರಲ್ಲಿ ವಿಲಿಯಂ ಶಾಕ್ಲಿ ಮತ್ತು ಹ್ಯಾನ್ಸ್ ಕ್ವೈಸರ್ ಹಾಕಿಕೊಟ್ಟರು. ಒಂದೇ ಬಗೆಯ ಅರೆವಾಹಕದಿಂದ ಮಾಡಿದ ಕೋಶ, ಸಾದಾ ಬಿಸಿಲಿನಲ್ಲಿ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ದುಡಿಯಲಾರದು. ಇದರಲ್ಲಿ ತಯಾರಕರ ತಪ್ಪೇನಿಲ್ಲ. ಸಿಲಿಕಾನಿನ ಮಟ್ಟಿಗೆ, ಬೀಳುವ ಬಿಸಿಲಿನ ಐದರಲ್ಲಿ ಒಂದು ಪಾಲು ಕಣ್ಣಿಗೆ ಕಾಣದ, ಶಕ್ತಿ ಕಡಿಮೆಯಿರುವ ಅತಿಗೆಂಪು ಬೆಳಕು. ಅದರ ಫೋಟಾನುಗಳಿಗೆ 1.12ರ ಎತ್ತರಕ್ಕೆ ಏರಿಸುವ ತಾಕತ್ತಿಲ್ಲ, ಹಾಗೇ ತೂರಿ ಹೋಗುತ್ತವೆ. ಮತ್ತೆ ಮೂರರಲ್ಲಿ ಒಂದು ಪಾಲು ಮೇಲೆ ಹೇಳಿದ ಜಾರಿಕೆಯಲ್ಲಿ ಶಾಖವಾಗುತ್ತದೆ. ಅರ್ಧಕ್ಕೂ ಹೆಚ್ಚು ಇಲ್ಲಿಗೇ ಮುಗಿಯಿತು. ಎಪ್ಪತ್ತು ವರ್ಷಗಳ ದುಡಿಮೆಯ ನಂತರ ಪ್ರಯೋಗಾಲಯದ ಸಿಲಿಕಾನ್ ಕೋಶ ಈಗ ಶೇ 27 ದಾಟಿದೆ. ಅದರ ಸೈದ್ಧಾಂತಿಕ ಗೋಡೆ ಹತ್ತಿರದಲ್ಲೇ ಇದೆ. ಮುಂದೆ ಹೋಗಬೇಕೆಂದರೆ ಆ ಮೊದಲ ಪಿಕೊಸೆಕೆಂಡಿಗೇ ಕೈ ಹಾಕಬೇಕು.

ಆದರೆ ಇಷ್ಟು ಸಣ್ಣ ಹೊತ್ತನ್ನು ಅಳೆಯುವುದು ಹೇಗೆ? ಯಾವ ಎಲೆಕ್ಟ್ರಾನಿಕ್ ಗಡಿಯಾರವೂ ಅಷ್ಟು ವೇಗವಾಗಿ ಓಡುವುದಿಲ್ಲ. ನಮ್ಮ ಕಂಪ್ಯೂಟರಿನ ಅತಿ ವೇಗದ ಚಿಪ್ ಸೆಕೆಂಡಿಗೆ 500 ಕೋಟಿ ಸಲ ಬಡಿದುಕೊಂಡರೂ ಒಂದು ಬಡಿತಕ್ಕೆ ಎರಡು ಲಕ್ಷ ಫೆಮ್ಟೊಸೆಕೆಂಡ್ ಹಿಡಿಯುತ್ತದೆ. ಅದಕ್ಕಾಗಿ ವಿಜ್ಞಾನಿಗಳು ಕಂಡುಕೊಂಡ ಉಪಾಯ ಎಷ್ಟು ಸರಳವೋ ಅಷ್ಟೇ ಸುಂದರ. ಅಲುಗಾಡದಂತೆ ಗಾಳಿಯ ಮೆತ್ತೆಯ ಮೇಲೆ ಕೂರಿಸಿದ ಭಾರೀ ಉಕ್ಕಿನ ಮೇಜು. ಮೇಜಿನ ತುಂಬ ತಿರುಪು ಹಾಕಲು ಸಾಲುಸಾಲು ತೂತು. ಒಂದು ಮೂಲೆಯಲ್ಲಿ ಟೈಟಾನಿಯಂ ಬೆರೆಸಿದ ನೀಲಮಣಿಯ ಹರಳಿನಿಂದ ಹೊರಡುವ ಲೇಸರ್, ಅದರ ಒಂದೊಂದು ಮಿಡಿತವೂ ಬರೀ ಹತ್ತಾರು ಫೆಮ್ಟೊಸೆಕೆಂಡ್. ಮಿಡಿತವನ್ನು ಅರೆಪಾರದರ್ಶಕ ಕನ್ನಡಿಯೊಂದು ಎರಡಾಗಿ ಸೀಳುತ್ತದೆ. ಬಲವಾದದ್ದು ಮೊದಲು ಹೋಗಿ ಹರಳಿಗೆ ಬಡಿದು ಎಲೆಕ್ಟ್ರಾನುಗಳನ್ನು ಮೇಲೆಬ್ಬಿಸುತ್ತದೆ. ದುರ್ಬಲವಾದದ್ದು ಹಿಂದಿನಿಂದ ಬಂದು ಅವು ಈಗ ಎಲ್ಲಿವೆ ಎಂದು ನೋಡಿಕೊಂಡು ಹೋಗುತ್ತದೆ. ಎರಡರ ನಡುವಿನ ಅಂತರ ಹೊಂದಿಸುವುದು ಗಡಿಯಾರದಿಂದಲ್ಲ, ಉದ್ದದಿಂದ. ಎರಡನೆಯ ಮಿಡಿತದ ದಾರಿಯಲ್ಲಿ ಒಂದು ಜೋಡಿ ಕನ್ನಡಿಯನ್ನು ಜಾರುವ ಹಲಗೆಯ ಮೇಲೆ ಕೂರಿಸಿರುತ್ತಾರೆ. ಸೂಕ್ಷ್ಮ ಮೋಟಾರು ಆ ಹಲಗೆಯನ್ನು 1.5 ಮೈಕ್ರೊಮೀಟರ್ ಹಿಂದಕ್ಕೆ ಎಳೆದರೆ ಬೆಳಕು ಹೋಗಿ ಬರುವ ದಾರಿ 3 ಮೈಕ್ರೊಮೀಟರ್ ಹೆಚ್ಚಾಗುತ್ತದೆ, ಮಿಡಿತ 10 ಫೆಮ್ಟೊಸೆಕೆಂಡ್ ತಡವಾಗುತ್ತದೆ. ಹೀಗೆ ಒಂದೊಂದೇ ಹೆಜ್ಜೆ ಹಿಂದಿಡುತ್ತಾ, ಪ್ರತಿ ಹೆಜ್ಜೆಗೂ ಹರಳು ಎಷ್ಟು ಬೆಳಕು ನುಂಗಿತೆಂದು ಬರೆದುಕೊಳ್ಳುತ್ತಾ ಹೋದರೆ ಎಲೆಕ್ಟ್ರಾನ್ ಇಳಿದ ಇಡೀ ಕತೆ ಗ್ರಾಫಿನಲ್ಲಿ ಮೂಡುತ್ತದೆ. ಇಂಥ ವಿಧಾನದಿಂದಲೇ ರಾಸಾಯನಿಕ ಕ್ರಿಯೆಗಳನ್ನು ನೋಡಿದ ಅಹ್ಮದ್ ಜ಼ವೈಲ್ 1999ರಲ್ಲಿ ನೊಬೆಲ್ ಪಡೆದರು.

ಇಲ್ಲಿ ಒಂದು ಸೂಕ್ಷ್ಮ ಹೇಳಬೇಕು. ಲೇಸರ್ ಪ್ರಯೋಗದಲ್ಲಿ ಒಮ್ಮೆಗೇ ಅಸಂಖ್ಯ ಎಲೆಕ್ಟ್ರಾನುಗಳು ಮೇಲೇಳುವುದರಿಂದ ಮೊದಲ ನೂರು ಫೆಮ್ಟೊಸೆಕೆಂಡಿನಲ್ಲಿ ಅವು ತಮ್ಮತಮ್ಮಲ್ಲೇ ಡಿಕ್ಕಿಯಾಡಿ ಶಕ್ತಿ ಹಂಚಿಕೊಳ್ಳುತ್ತವೆ, ಆಮೇಲೆ ಹರಳಿಗೆ ಕೊಡುತ್ತವೆ. ಸಾದಾ ಬಿಸಿಲಿನಲ್ಲಿ ಅಷ್ಟು ದಟ್ಟಣೆ ಇರುವುದಿಲ್ಲ, ಒಂದೊಂದು ಎಲೆಕ್ಟ್ರಾನೂ ಹೆಚ್ಚಾಗಿ ತನ್ನ ಪಾಡಿಗೆ ತಾನು ಹರಳಿಗೆ ಕೊಟ್ಟು ಇಳಿಯುತ್ತದೆ. ಪ್ರಯೋಗಾಲಯದ ಫಲಿತಾಂಶವನ್ನು ಮಾಳಿಗೆಯ ಪ್ಯಾನೆಲಿಗೆ ಅನ್ವಯಿಸುವವರು ಈ ವ್ಯತ್ಯಾಸ ಮರೆಯಬಾರದು.

ಹರಳಿನ ಈ ಕಂಪನಗಳನ್ನು ಬೆಳಕಿನಿಂದ ಓದುವ ವಿದ್ಯೆ ನಮಗೆ ಹೊರಗಿನದಲ್ಲ. 1928ರ ಫೆಬ್ರುವರಿ 28ರಂದು ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮದ ತಿರುಳೇ ಇದು. ವಸ್ತುವಿಗೆ ಬಡಿದು ಬಂದ ಬೆಳಕಿನ ಬಣ್ಣ ಕೊಂಚ ಬದಲಾಗುತ್ತದೆ, ಬದಲಾದಷ್ಟು ಶಕ್ತಿ ಒಳಗಿನ ಕಂಪನಕ್ಕೆ ಹೋಗಿರುತ್ತದೆ. ಸಿಲಿಕಾನಿನ 64 ಫೆಮ್ಟೊಸೆಕೆಂಡಿನ ಕಂಪನವನ್ನು ಇಂದು ಜಗತ್ತಿನ ಬಹುತೇಕ ರಾಮನ್ ಉಪಕರಣಗಳು ತಮ್ಮ ಅಳತೆ ಸರಿಯಿದೆಯೇ ಎಂದು ತಾಳೆ ನೋಡಿಕೊಳ್ಳಲು ಬಳಸುತ್ತವೆ. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು, ಆ ಹುದ್ದೆಗೇರಿದ ಮೊದಲ ಭಾರತೀಯ. ಅದೇ ಸಂಸ್ಥೆಯಲ್ಲಿ ಶಿವ ಉಮಾಪತಿ ಅವರ ತಂಡ ರಾಮನ್ ವಿದ್ಯೆಯನ್ನು ಅತಿವೇಗದ ಲೇಸರ್ ಮಿಡಿತಗಳ ಜತೆ ಕೂಡಿಸಿ, ಅಣುಗಳ ಕಂಪನ ಕ್ಷಣಕ್ಷಣಕ್ಕೂ ಹೇಗೆ ಬದಲಾಗುತ್ತದೆ ಎಂದು ನೋಡುವ ಹೊಸ ವಿಧಾನ ರೂಪಿಸಿತು. 2022ರಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾಗಿ ನೇಮಕಗೊಂಡ ಅಜಯ್ ಕುಮಾರ್ ಸೂದ್ ಅವರ ತಂಡ ಅಲ್ಲಿಯೇ ಇಂಗಾಲದ ಒಂದೇ ಪದರವಾದ ಗ್ರಾಫೀನ್ ಹಾಳೆಗೆ ಲೇಸರ್ ಬಡಿದು, ಬಿಸಿಯೇರಿದ ಎಲೆಕ್ಟ್ರಾನುಗಳು ವಿದ್ಯುತ್ತನ್ನು ಹೇಗೆ ಒಯ್ಯುತ್ತವೆ, ಹೇಗೆ ತಣಿಯುತ್ತವೆ ಎಂದು ಟೆರಾಹರ್ಟ್ಜ್ ಅಲೆಗಳಿಂದ ಅಳೆದಿದೆ. ಹರಪನಹಳ್ಳಿಯಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ತಲುಪಬಹುದಾದ ಜಾಗದಲ್ಲಿ ನಡೆದ ಕೆಲಸಗಳಿವು. ನಮ್ಮ ಪಠ್ಯಪುಸ್ತಕಗಳಲ್ಲಿ ರಾಮನ್ ಅವರ ಭಾವಚಿತ್ರವಿದೆ, ಅವರ ಮುಂದಿನ ಪೀಳಿಗೆ ಅದೇ ಊರಿನಲ್ಲಿ ಮಾಡುತ್ತಿರುವ ಕೆಲಸದ ಒಂದು ಸಾಲೂ ಇಲ್ಲ. ಇದು ನನಗೆ ಬಹಳ ದಿನದಿಂದ ಕೊರೆಯುತ್ತಿರುವ ಸಂಗತಿ.

ಬೆಳಕಿನಿಂದ ವಿದ್ಯುತ್ ಹರಿಸುವ ಆಟ ಈಗ ಫೆಮ್ಟೊಸೆಕೆಂಡಿಗೂ ಕೆಳಗೆ ಇಳಿದಿದೆ. 1975ರಲ್ಲಿ ಡೇವಿಡ್ ಆಸ್ಟನ್ ಸಿಲಿಕಾನಿನ ಮೇಲೆ ಲೇಸರ್ ಮಿಡಿತ ಬಿಟ್ಟು ಪಿಕೊಸೆಕೆಂಡಿನಲ್ಲಿ ಆನ್ ಆಗುವ ಸ್ವಿಚ್ ಮಾಡಿ ತೋರಿಸಿದ್ದರು. ಅಲ್ಲಿ ಎಲೆಕ್ಟ್ರಾನನ್ನು ಎಬ್ಬಿಸುವುದು ಬೆಳಕು, ಓಡಿಸುವುದು ಹೊರಗಿನ ಬ್ಯಾಟರಿ. 2013ರಲ್ಲಿ ಜರ್ಮನಿಯ ಗಾರ್ಕಿಂಗ್‌ನಲ್ಲಿ ಫೆರೆಂಕ್ ಕ್ರೌಸ್ ಅವರ ತಂಡ ಬ್ಯಾಟರಿಯನ್ನೇ ಕಿತ್ತುಹಾಕಿತು. ಬೆಳಕೆಂದರೆ ವಿದ್ಯುತ್ ಕ್ಷೇತ್ರದ ಅಲೆ ತಾನೆ? ಆ ಕ್ಷೇತ್ರ ಸಾಕಷ್ಟು ಬಲವಾಗಿದ್ದರೆ ಅದೇ ಎಲೆಕ್ಟ್ರಾನನ್ನು ತಳ್ಳಬಲ್ಲದು. ನಾಲ್ಕು ಫೆಮ್ಟೊಸೆಕೆಂಡಿಗೂ ಕಡಿಮೆ ಅವಧಿಯ ಮಿಡಿತವನ್ನು ಅವರು ಗಾಜಿನಂಥ ಸಿಲಿಕಾದ ಮೇಲೆ ಬಿಟ್ಟರು. ವಿದ್ಯುತ್ತಿಗೆ ದಾರಿಯನ್ನೇ ಕೊಡದ ಆ ವಸ್ತು ಬೆಳಕಿನ ಒಂದು ಅಲೆ ಹಾಯುವಷ್ಟರಲ್ಲಿ ವಾಹಕವಾಯಿತು, ಮಿಡಿತ ದಾಟಿದೊಡನೆ ಮತ್ತೆ ಮೊದಲಿನಂತಾಯಿತು. ಅಲೆಯ ಆಕಾರವನ್ನು ತುಸು ತಿರುಗಿಸಿದರೆ ಕರೆಂಟಿನ ದಿಕ್ಕೂ ತಿರುಗಿತು. 2017ರಲ್ಲಿ ಅದೇ ದೇಶದ ಎರ್ಲಾಂಗನ್‌ನಲ್ಲಿ ಪೀಟರ್ ಹೊಮೆಲ್‌ಹಾಫ್ ತಂಡ ಗ್ರಾಫೀನಿನಲ್ಲಿ ಇದನ್ನು ಮಾಡಿತು. 2022ರಲ್ಲಿ ಅವರೂ ಅಮೆರಿಕದ ರೋಚೆಸ್ಟರಿನವರೂ ಸೇರಿ, ಮಿಡಿತ ಹೋದ ಮೇಲೂ ಉಳಿಯುವ ಎಲೆಕ್ಟ್ರಾನುಗಳ ಕರೆಂಟನ್ನು, ಮಿಡಿತ ಇರುವಾಗ ಮಾತ್ರ ಇದ್ದು ಹೋಗುವ ಕರೆಂಟಿನಿಂದ ಬೇರ್ಪಡಿಸಿದರು. ಇವೆರಡನ್ನು ಬಳಸಿ, ಕಂಪ್ಯೂಟರಿನ ಲೆಕ್ಕಾಚಾರಕ್ಕೆ ಮೂಲವಾದ ತರ್ಕದ್ವಾರವೊಂದನ್ನು ಫೆಮ್ಟೊಸೆಕೆಂಡಿನ ಲೆಕ್ಕದಲ್ಲಿ ನಡೆಸಿ ತೋರಿಸಿದರು. 2023ರ ಭೌತವಿಜ್ಞಾನ ನೊಬೆಲ್ ಕ್ರೌಸ್ ಜತೆ ಪಿಯರ್ ಅಗೊಸ್ತಿನಿ, ಆನ್ ಲೂಲಿಯೆ ಅವರಿಗೆ ಬಂದದ್ದು ಫೆಮ್ಟೊಸೆಕೆಂಡನ್ನೂ ಸಾವಿರ ಪಾಲು ಮಾಡುವ ಅಟೊಸೆಕೆಂಡ್ ಮಿಡಿತಗಳಿಗಾಗಿ. ಇದರಿಂದ ನಾಳೆಯೇ ಹೊಸ ಕಂಪ್ಯೂಟರ್ ಬರುತ್ತದೆ ಎಂದು ಬರೆಯುವವರನ್ನು ನಂಬಬೇಡಿ. ಕೋಣೆ ತುಂಬುವ ಲೇಸರ್ ಬೇಕಿರುವ ಯಂತ್ರ ಜೇಬಿಗೆ ಇಳಿಯಲು ಬಹಳ ಕಾಲ ಹಿಡಿಯುತ್ತದೆ. ಆದರೆ ಅರೆವಾಹಕದಲ್ಲಿ ಕರೆಂಟ್ ಹುಟ್ಟುವುದನ್ನು ಹುಟ್ಟುತ್ತಿರುವಾಗಲೇ ನೋಡಲು ಈಗ ಸಾಧ್ಯವಾಗಿದೆ, ಅದೇ ದೊಡ್ಡ ಲಾಭ.

ನೋಡಿದ್ದರಿಂದ ರೈತನಿಗೇನು ಬಂತು? ಇಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಎಲೆಕ್ಟ್ರಾನ್ ತಣಿಯುವ ಮೊದಲೇ ಅದನ್ನು ಹಿಡಿಯುವುದು. 1982ರಲ್ಲಿ ರಾಬರ್ಟ್ ರಾಸ್ ಮತ್ತು ಆರ್ಥರ್ ನೋಜಿಕ್ ಇದರ ಲೆಕ್ಕ ಹಾಕಿ, ಇಂಥ ಬಿಸಿ ಎಲೆಕ್ಟ್ರಾನ್ ಕೋಶ ಶೇ 66ರವರೆಗೆ ದುಡಿಯಬಹುದೆಂದರು. ಶಾಕ್ಲಿ ಹಾಕಿದ ಗೋಡೆಯ ಎರಡು ಪಟ್ಟು. ಆದರೆ ಪಿಕೊಸೆಕೆಂಡಿನೊಳಗೆ ಎಲೆಕ್ಟ್ರಾನನ್ನು ಹೊರಗೆಳೆಯುವ ತೆಳುಪದರ ಬೇಕು, ಅದು ಬೇಕಾದ ಎತ್ತರದಲ್ಲಿರುವವನ್ನಷ್ಟೇ ಬಿಡಬೇಕು. ಪೆರೊವ್‌ಸ್ಕೈಟ್ ಎಂಬ ಬಗೆಯ ಕೆಲವು ಹರಳುಗಳಲ್ಲಿ ಎಲೆಕ್ಟ್ರಾನುಗಳು ಹತ್ತಾರು ಪಿಕೊಸೆಕೆಂಡ್ ಬಿಸಿಯಾಗಿಯೇ ಉಳಿಯುವುದನ್ನು ಅಳೆದ ಮೇಲೆ ಈ ಕನಸಿಗೆ ಮತ್ತೆ ಜೀವ ಬಂದಿದೆ. ನನ್ನ ಅಭಿಪ್ರಾಯ ಕೇಳಿದರೆ, ಈ ದಾರಿ ಇನ್ನೂ ದೂರ.

ಎರಡನೆಯ ದಾರಿ, ಎಲೆಕ್ಟ್ರಾನನ್ನು ಅಷ್ಟು ಎತ್ತರಕ್ಕೆ ಎಸೆಯುವ ಪ್ರಸಂಗವೇ ಬರದಂತೆ ನೋಡಿಕೊಳ್ಳುವುದು. ಸಿಲಿಕಾನಿನ ಮೇಲೆ ಅದಕ್ಕಿಂತ ದೊಡ್ಡ ಬ್ಯಾಂಡ್ ಗ್ಯಾಪಿನ ಪೆರೊವ್‌ಸ್ಕೈಟ್ ಪದರ ಬಳಿದರೆ ನೀಲಿ, ಹಸಿರು ಬೆಳಕನ್ನು ಅದು ಹಿಡಿಯುತ್ತದೆ, ಕೆಂಪು ಮತ್ತು ಅದರಾಚೆಯದನ್ನು ಕೆಳಗಿನ ಸಿಲಿಕಾನಿಗೆ ಬಿಡುತ್ತದೆ. ಯಾವ ಎಲೆಕ್ಟ್ರಾನೂ ಹೆಚ್ಚು ಜಾರಬೇಕಿಲ್ಲ, ಶಾಖವೂ ಕಡಿಮೆ. ಟ್ಯಾಂಡೆಮ್ ಕೋಶ ಎಂದು ಕರೆಯುವ ಇವು ಪ್ರಯೋಗಾಲಯದಲ್ಲಿ ಆಗಲೇ ಶೇ 34 ದಾಟಿವೆ. ತೇವ, ಬಿಸಿ ತಡೆದುಕೊಂಡು ಇಪ್ಪತ್ತೈದು ವರ್ಷ ಬಾಳುತ್ತವೆಯೇ ಎಂಬುದೇ ಉಳಿದಿರುವ ಪ್ರಶ್ನೆ. ನಮ್ಮ ಸೀಮೆಗೆ ಮೊದಲು ಬರುವುದು ಇವೇ ಎಂದು ನನ್ನ ಎಣಿಕೆ.

ಪಾವಗಡದ ತಿರುಮಣಿ, ವಳ್ಳೂರು ಸುತ್ತಮುತ್ತಲಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಹರಡಿಕೊಂಡಿದೆ. ಒಂದು ಡಿಗ್ರಿ ಬಿಸಿ ಹೆಚ್ಚಾದರೆ ಅಲ್ಲಿ 7 ಮೆಗಾವ್ಯಾಟ್ ಕಡಿಮೆಯಾಗುತ್ತದೆ ಎಂದು ಮೇಲಿನ ಲೆಕ್ಕವೇ ಹೇಳುತ್ತದೆ. ಬಯಲುಸೀಮೆಯ ಜನ ಭೂಮಿ ಕೊಟ್ಟಿದ್ದಾರೆ, ಬಿಸಿಲೂ ನಮ್ಮದೇ. ಆ ಬಿಸಿಲು ಹರಳಿನೊಳಗೆ ಏನಾಗುತ್ತದೆ ಎಂಬ ತಿಳಿವಳಿಕೆಯೂ ನಮ್ಮ ಮಕ್ಕಳದ್ದಾಗಬೇಕು. ಅದಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಕೂಡ್ಲಿಗಿಗೆ ಹತ್ತಿರದ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್‌ನಲ್ಲಿ ಗ್ರಾಮೀಣ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ಸಮೇತ ತರಬೇತಿ ಕೊಡುತ್ತಾರೆ.

ಮಾಳಿಗೆಯ ಮೇಲೆ ಪ್ಯಾನೆಲ್ ಹಾಕಿಸುವವರಿಗೆ ಮೂರು ಮಾತು. ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಬೇಡಿ, ಉಷ್ಣತೆಯ ಗುಣಾಂಕವನ್ನೂ ಕೇಳಿ. 0.40ಕ್ಕಿಂತ 0.30 ನಮ್ಮ ಏಪ್ರಿಲ್‌ಗೆ ಮೇಲು. ತಾರಸಿಗೆ ಒತ್ತಿ ಕೂರಿಸದೆ ಕೆಳಗೆ ಗಾಳಿ ಆಡುವಂತೆ ಕನಿಷ್ಠ ಅರ್ಧ ಅಡಿ ಜಾಗ ಬಿಡಿಸಿ, ದಕ್ಷಿಣಕ್ಕೆ 15 ಡಿಗ್ರಿಯಷ್ಟು ಓರೆ ಇರಲಿ. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಹೊಟ್ಟು, ಧೂಳು ಕೂತರೆ ಬೆಳಗಿನ ತಂಪಿನಲ್ಲಿ ತೊಳೆಯಿರಿ, ಕಾದ ಗಾಜಿನ ಮೇಲೆ ಮಧ್ಯಾಹ್ನ ತಣ್ಣೀರು ಸುರಿಯಬೇಡಿ.

ಇನ್ನು ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಯ ಹೈಸ್ಕೂಲು ಮತ್ತು ಪಿಯು ಕಾಲೇಜುಗಳ ವಿಜ್ಞಾನ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ: ಈ ವರ್ಷ ಕುದಾಪುರದ ತರಬೇತಿಗೆ ಹೆಸರು ಕೊಡಿ, ಬರುವಾಗ ಅಲ್ಲಿ ಕಲಿತ ಒಂದಾದರೂ ಪ್ರಯೋಗವನ್ನು ನಿಮ್ಮ ತರಗತಿಗೆ ತನ್ನಿ.